ರೀಫಂಡ್ ಕೊಡ್ತೀವಿ ಅಂತ ಫೋನ್ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿರುವ ನಮ್ಮ ಚಿಕ್ಕಮ್ಮ ಹೋದ ವರ್ಷ ಇಂಥದೊಂದು ಫೋನಿಗೆ ಸುಮಾರು ಇಪ್ಪತ್ತು ಸಾವಿರ ಕಳೆದುಕೊಂಡರು. ಅವರು ಓದಿದವರು, ಲೆಕ್ಕದಲ್ಲಿ ಗಟ್ಟಿ, ಚೀಟಿ ವ್ಯವಹಾರವನ್ನು ಮೂವತ್ತು ವರ್ಷ ಒಂದು ರೂಪಾಯಿ ಹೆಚ್ಚುಕಮ್ಮಿಯಾಗದಂತೆ ನಡೆಸಿದವರು. ಆಮೇಲೆ ನೆಂಟರು, ಅಕ್ಕಪಕ್ಕದವರು, ಆಫೀಸಿನವರು ಎಲ್ಲ ನನ್ನನ್ನು ಕೇಳಲು ಶುರು ಮಾಡಿದರು. ಅವರು ಕೇಳಿದ್ದನ್ನೆಲ್ಲ ಇಲ್ಲಿ ಸೇರಿಸಿದ್ದೇನೆ.

ಇದು ಹೇಗೆ ನಡೆಯುತ್ತದೆ? ದುಡ್ಡು ಕೊಡ್ತೀವಿ ಅಂದವರು ದುಡ್ಡು ತೆಗೆಯೋದು ಹೇಗೆ?

ಚಿಕ್ಕಮ್ಮನಿಗೆ ಆಗಿದ್ದನ್ನೇ ಹೇಳುತ್ತೇನೆ. ಆನ್‌ಲೈನಿನಲ್ಲಿ ಮಿಕ್ಸಿ ಜಾರ್ ತರಿಸಿದ್ದರು, ಒಡೆದು ಬಂತು. ವಾಪಸ್ ಕಳಿಸಿದರು. 640 ರೂಪಾಯಿ ಬರಬೇಕಿತ್ತು, ಆರು ದಿನ ಆದರೂ ಬರಲಿಲ್ಲ. ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದರು. ಯಾರೂ ಎತ್ತಲಿಲ್ಲ. ಎರಡು ನಿಮಿಷ ಬಿಟ್ಟು ಬೇರೆ ನಂಬರಿನಿಂದ ಒಬ್ಬ ತಾನೇ ಫೋನ್ ಮಾಡಿದ.

ಮಾತು ಒಳ್ಳೆ ಕನ್ನಡ. "ಅಮ್ಮ, ನಿಮ್ಮ ರೀಫಂಡ್ ಅಪ್ರೂವ್ ಆಗಿದೆ, ಸಿಸ್ಟಮ್‌ನಲ್ಲಿ ನಿಂತಿದೆ ಅಷ್ಟೆ. ಫೋನ್ ಇಡಬೇಡಿ, ಲೈನಲ್ಲೇ ಮಾಡಿಕೊಡ್ತೀನಿ" ಅಂದನಂತೆ. ಯುಪಿಐ ಆ್ಯಪ್ ತೆಗೆಸಿದ, ಒಂದು ನಂಬರ್ ಹಾಕಿಸಿದ. "ಈಗ ಒಂದು ಖಾಲಿ ಜಾಗ ಕಾಣ್ತಿದೆ ಅಲ್ವಾ ಅಮ್ಮ, ಅಲ್ಲಿ ನಿಮ್ಮ ರೀಫಂಡ್ ಕೋಡ್ ಹಾಕಿ. ಒಂದು, ಒಂಬತ್ತು, ಎಂಟು, ಏಳು, ನಾಲ್ಕು." ಚಿಕ್ಕಮ್ಮ ಒಂದೊಂದೇ ಅಂಕಿ ಒತ್ತಿದರು. "ಈಗ ಕನ್ಫರ್ಮ್ ಮಾಡೋಕೆ ನಿಮ್ಮ ಪಿನ್ ಹಾಕಿ. ನನಗೆ ಹೇಳಬೇಡಿ ಅಮ್ಮ, ಪಿನ್ ಯಾರಿಗೂ ಹೇಳಬಾರದು."

ಆ ಖಾಲಿ ಜಾಗ ಮೊತ್ತ ಬರೆಯುವ ಜಾಗ. ಹೋಗಿದ್ದು 19,874 ರೂಪಾಯಿ.

ಇಲ್ಲಿ ಎರಡು ವಿಷಯ ಗಮನಿಸಿ. "ಹತ್ತೊಂಬತ್ತು ಸಾವಿರದ ಎಂಟುನೂರ ಎಪ್ಪತ್ತನಾಲ್ಕು" ಅಂತ ಹೇಳಿದ್ದರೆ ಚಿಕ್ಕಮ್ಮನ ಕೈ ಅಲ್ಲೇ ನಿಲ್ಲುತ್ತಿತ್ತು. ಬಿಡಿಬಿಡಿಯಾಗಿ ಹೇಳಿದ್ದರಿಂದ ಅದು ದುಡ್ಡು ಅಂತ ಅನ್ನಿಸಲೇ ಇಲ್ಲ. ಇನ್ನೊಂದು, ಪಿನ್ ಯಾರಿಗೂ ಹೇಳಬೇಡಿ ಅಂತ ಅವನೇ ಬುದ್ಧಿ ಹೇಳಿದ. ನಾವೆಲ್ಲ ವರ್ಷಗಟ್ಟಲೆ ಮನೆಯವರಿಗೆ ಕಲಿಸಿದ ಮಾತು ಅದು, ಅವನ ಬಾಯಿಂದ ಅದೇ ಬಂದಾಗ ಇವನು ನಮ್ಮವನೇ ಅನ್ನಿಸಿಬಿಡುತ್ತದೆ. ಪಿನ್ ಅವನಿಗೆ ಬೇಕಾಗೇ ಇಲ್ಲ, ನೀವು ಒತ್ತಿದರೆ ಸಾಕು.

ಅಷ್ಟಕ್ಕೆ ಬಿಡಲೂ ಇಲ್ಲ. "ಅಯ್ಯೋ, ತಪ್ಪಾಯ್ತು, ಎರಡನ್ನೂ ಸೇರಿಸಿ ವಾಪಸ್ ಹಾಕ್ತೀನಿ, ಇನ್ನೊಂದು ಸಲ ಮಾಡಿ" ಅಂದ. ಅಷ್ಟರಲ್ಲಿ ಅವರ ಮಗಳು ಮನೆಗೆ ಬಂದಳು. ಇಲ್ಲದಿದ್ದರೆ ಎರಡನೇ ಸಲವೂ ಹೋಗುತ್ತಿತ್ತು.

ಹಾಗಾದರೆ ನಿಜವಾದ ರೀಫಂಡ್ ಹೇಗೆ ಬರುತ್ತದೆ?

ಸುಮ್ನೆ ಬರುತ್ತದೆ. ನೀವು ಏನೂ ಮಾಡಬೇಕಾಗಿಲ್ಲ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ದುಡ್ಡು ಯಾವ ದಾರಿಯಲ್ಲಿ ಹೋಗಿತ್ತೋ ಸಾಮಾನ್ಯವಾಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಕಾರ್ಡಿನಿಂದ ಕಟ್ಟಿದ್ದರೆ ಕಾರ್ಡಿಗೆ, ಯುಪಿಐನಿಂದ ಕಟ್ಟಿದ್ದರೆ ಆ ಖಾತೆಗೆ. ರೈಲು ಟಿಕೆಟ್ ಆ್ಯಪಿನಲ್ಲಿ ಕ್ಯಾನ್ಸಲ್ ಮಾಡಿದಾಗಲೂ ಹಾಗೇ ಬರುತ್ತದೆ, ಯಾರೂ ಫೋನ್ ಮಾಡುವುದಿಲ್ಲ.

ಯುಪಿಐನಲ್ಲಿ ದುಡ್ಡು ಕಟ್ ಆಗಿ ಆ ಕಡೆಯವರಿಗೆ ಸೇರದೇ ಇದ್ದರೆ ಏನು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ನಿಯಮ ಮಾಡಿದೆ. ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದರೆ ಮಾರನೇ ದಿನದೊಳಗೆ, ಅಂಗಡಿಗೆ ಕಟ್ಟಿದ್ದಾದರೆ 5 ದಿನದೊಳಗೆ ತಾನಾಗಿ ವಾಪಸ್ ಆಗಬೇಕು. ಎಟಿಎಂನಲ್ಲಿ ನೋಟು ಬರದೆ ಖಾತೆಯಲ್ಲಿ ಮಾತ್ರ ಕಟ್ ಆದರೂ 5 ದಿನ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು, ಅದಕ್ಕೆ ನೀವು ಅರ್ಜಿ ಹಾಕುವುದೂ ಬೇಕಾಗಿಲ್ಲ. ಇಷ್ಟು ಗೊತ್ತಿದ್ದರೆ, "ನೀವು ಈಗಲೇ ಮಾಡದಿದ್ದರೆ ರೀಫಂಡ್ ಲ್ಯಾಪ್ಸ್ ಆಗುತ್ತೆ" ಅನ್ನುವ ಮಾತಿಗೆ ಬೆಲೆಯೇ ಇರುವುದಿಲ್ಲ.

ದುಡ್ಡು ಬರೋಕೆ ಪಿನ್ ಹಾಕಬೇಕಾ? ಕ್ಯೂಆರ್ ಸ್ಕ್ಯಾನ್ ಮಾಡಬೇಕಾ?

ಇಲ್ಲ. ಎರಡೂ ಬೇಡ. ಬ್ಯಾಲೆನ್ಸ್ ನೋಡುವುದು ಬಿಟ್ಟರೆ, ಪಿನ್ ಅಂದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ, ನಾನು ಮಿಲಿಟರಿಯವನು, ವರ್ಗ ಆಗಿದೆ, ಅಡ್ವಾನ್ಸ್ ಕಳಿಸ್ತೀನಿ ಅಂತ ಕ್ಯೂಆರ್ ಕಳಿಸುವುದೂ ಇದೇ ಆಟ. ಮೊದಲು ನಂಬಿಕೆ ಬರಲಿ ಅಂತ ಹತ್ತು ರೂಪಾಯಿ ನಿಜವಾಗಿಯೂ ಕಳಿಸುತ್ತಾರೆ.

ಮುಂಚೆ ಯಾರು ಬೇಕಾದರೂ "ಇಷ್ಟು ದುಡ್ಡು ಕಳಿಸಿ" ಅಂತ ಯುಪಿಐನಲ್ಲಿ ಕಲೆಕ್ಟ್ ರಿಕ್ವೆಸ್ಟ್ ಕಳಿಸಬಹುದಿತ್ತು. ಅದಕ್ಕೆ ರೀಫಂಡ್ ಅಂತ ಹೆಸರಿಟ್ಟು ತುಂಬಾ ಜನರಿಗೆ ಟೋಪಿ ಹಾಕಿದರು. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಅಂಥ ರಿಕ್ವೆಸ್ಟ್ ಅನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಲು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಹೇಳಿತು. ವ್ಯಾಪಾರಿಗಳಿಗೆ ಆ ಸೌಲಭ್ಯವನ್ನು ಆಗ ಉಳಿಸಿದ್ದರು, ಹಾಗಾಗಿ ಪೂರ್ತಿ ನಿಶ್ಚಿಂತೆ ಬೇಡ.

"ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ" ಅಂತ ಅಳ್ತಾ ಇದ್ದಾನೆ. ಮೆಸೇಜ್ ಕೂಡ ಬಂದಿದೆ. ನಿಜ ಇರಬಹುದಾ?

ಈ ಮೋಸ ನಮ್ಮ ಒಳ್ಳೆತನವನ್ನೇ ಹಿಡಿದು ಆಡುತ್ತದೆ. 5,000 ಬರಬೇಕಾದಲ್ಲಿ 50,000 ಜಮಾ ಆಗಿದೆ ಅಂತ ಮೆಸೇಜ್ ಬರುತ್ತದೆ. ಆ ಕಡೆಯವನು, ಸಾರ್, ನನ್ನ ಕೆಲಸ ಹೋಗುತ್ತೆ, ತಾಯಿ ಆಸ್ಪತ್ರೆಯಲ್ಲಿದ್ದಾರೆ ಅನ್ನುತ್ತಾನೆ. ಇನ್ನೊಬ್ಬರ ದುಡ್ಡು ನಮಗೆ ಬೇಡ ಅಂತ ಬೆಳೆದವರು ನಾವು, ತಕ್ಷಣ ವಾಪಸ್ ಕಳಿಸಿಬಿಡುತ್ತೇವೆ. ನೋಡಿದರೆ ಖಾತೆಗೆ ಒಂದು ಪೈಸೆಯೂ ಬಂದಿರುವುದಿಲ್ಲ. ಆ ಮೆಸೇಜ್ ಅವನೇ ಟೈಪ್ ಮಾಡಿದ್ದು.

ಮೆಸೇಜನ್ನು ನಂಬಬೇಡಿ, ಬ್ಯಾಲೆನ್ಸ್ ನೋಡಿ. ಫೋನ್ ಇಟ್ಟು, ನೀವೇ ಬ್ಯಾಂಕ್ ಆ್ಯಪ್ ತೆಗೆದು ನೋಡಿ. ಮೆಸೇಜ್ ಎಲ್ಲಿಂದ ಬಂತು ಅನ್ನುವುದೂ ಮುಖ್ಯ. ಬ್ಯಾಂಕಿನ ಎಸ್ಎಂಎಸ್ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬರುವುದಿಲ್ಲ, ಅಕ್ಷರಗಳ ಹೆಸರಿನಿಂದ ಬರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಅಡ್ಡಗೆರೆ ಹಾಕಿ ಇಂಗ್ಲಿಷಿನ ಒಂದಕ್ಷರ ಸೇರಿಸಿದ್ದಾರೆ. ಪಿ ಅಂದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸರ್ಕಾರ.

ದುಡ್ಡು ನಿಜವಾಗಿಯೇ ಬಂದಿದ್ದರೆ? ಆಗಲೂ ನೀವಾಗಿ ಕಳಿಸಬೇಡಿ. ಬ್ಯಾಂಕಿಗೆ ಹೋಗಿ ಬರೆದುಕೊಡಿ, ಅವರೇ ಬಂದ ಖಾತೆಗೆ ವಾಪಸ್ ಮಾಡಲಿ. ಅದು ಇನ್ನೊಬ್ಬರಿಂದ ಕದ್ದ ದುಡ್ಡಾಗಿದ್ದು, ನಿಮ್ಮ ಖಾತೆ ನಡುವಿನ ಮೆಟ್ಟಿಲಾಗಿದ್ದರೆ, ಪೊಲೀಸರು ಮೊದಲು ಫ್ರೀಜ್ ಮಾಡುವುದು ನಿಮ್ಮ ಖಾತೆಯನ್ನೇ.

ನನ್ನ ಹೆಸರು, ಆರ್ಡರ್ ನಂಬರ್, ವಿಳಾಸ ಎಲ್ಲ ಅವರಿಗೆ ಗೊತ್ತಿದೆ. ಟ್ರೂಕಾಲರ್‌ನಲ್ಲಿ ಬ್ಯಾಂಕಿನ ಹೆಸರೇ ಬಂತು. ಮತ್ತೆ ಹೇಗೆ ಸುಳ್ಳಾಗುತ್ತೆ?

ನಮ್ಮ ಹೆಸರು, ಫೋನ್ ನಂಬರ್, ವಿಳಾಸ ಎಷ್ಟೋ ಕಡೆ ಬಿದ್ದಿವೆ. ಪಾರ್ಸೆಲ್ ಡಬ್ಬದ ಮೇಲೆ ಅಂಟಿಸಿದ ಚೀಟಿಯಲ್ಲೇ ಮುಕ್ಕಾಲು ಪಾಲು ಇರುತ್ತದೆ, ಅದನ್ನು ಹಾಗೇ ಕಸಕ್ಕೆ ಹಾಕುತ್ತೇವೆ. ಟ್ವಿಟರ್‌ನಲ್ಲಿ ಅಥವಾ ಫೇಸ್‌ಬುಕ್‌ನಲ್ಲಿ "ನನ್ನ ರೀಫಂಡ್ ಬಂದಿಲ್ಲ" ಅಂತ ಕಂಪನಿಗೆ ದೂರು ಹಾಕಿದರೆ ಅದನ್ನು ನೋಡಿಕೊಂಡೂ ಫೋನ್ ಮಾಡುತ್ತಾರೆ. ಇನ್ನು ಟ್ರೂಕಾಲರ್ ಹೆಸರು, ಅದನ್ನು ಯಾರು ಹೇಗೆ ಬೇಕಾದರೂ ಇಟ್ಟುಕೊಳ್ಳಬಹುದು. ವಾಟ್ಸಾಪ್‌ನಲ್ಲಿ ಕಾಣುವ ಬ್ಯಾಂಕಿನ ಲೋಗೋ ಕೂಡ ಅಷ್ಟೇ.

ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳು ಗ್ರಾಹಕರಿಗೆ ಮಾಡುವ ಸೇವಾ ಕರೆಗಳಿಗೆ ಅಂತಲೇ 1600ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ. ಮಾಮೂಲಿ ಮೊಬೈಲ್ ನಂಬರಿನಿಂದ "ಬ್ಯಾಂಕಿನಿಂದ ಮಾತಾಡ್ತಿದ್ದೀನಿ" ಅಂದರೆ ಇಟ್ಟುಬಿಡಿ. ಡೆಬಿಟ್ ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಮಾಡಿ. ಇದರಿಂದ ಯಾರಿಗೂ ಅವಮಾನ ಆಗುವುದಿಲ್ಲ, ನಿಜವಾದ ಬ್ಯಾಂಕಿನವರು ಬೇಜಾರು ಮಾಡಿಕೊಳ್ಳುವುದೂ ಇಲ್ಲ.

ಗೂಗಲ್‌ನಲ್ಲಿ ಮೊದಲಿಗೇ ಬಂದ ನಂಬರ್ ನಕಲಿ ಇರೋಕೆ ಸಾಧ್ಯನಾ?

ಸಾಧ್ಯ, ಚಿಕ್ಕಮ್ಮನಿಗೆ ಆಗಿದ್ದೇ ಅದು. ದುಡ್ಡು ಕೊಟ್ಟು ಜಾಹೀರಾತು ಹಾಕಬಹುದು, ಮ್ಯಾಪ್‌ನಲ್ಲಿ ಇರುವ ಅಂಗಡಿಯ ಅಥವಾ ಬ್ಯಾಂಕ್ ಶಾಖೆಯ ನಂಬರ್ ಬದಲಾಯಿಸಲು ಯಾರು ಬೇಕಾದರೂ ಸಲಹೆ ಕಳಿಸಬಹುದು, ಸುಳ್ಳು ವೆಬ್‌ಸೈಟ್ ಮಾಡಲು ಒಂದು ಸಂಜೆ ಸಾಕು. ಕಂಪನಿಯ ಆ್ಯಪ್ ಒಳಗೆ ಹೋಗಿ ಅಲ್ಲಿರುವ ಹೆಲ್ಪ್‌ನಿಂದಲೇ ಮಾತಾಡಿ. ಎಷ್ಟೋ ಕಂಪನಿಗಳು ಫೋನ್ ನಂಬರನ್ನೇ ಕೊಡದೆ ಬರೀ ಚಾಟ್ ಇಟ್ಟಿರುತ್ತವೆ. ನನಗೆ ಕೇಳಿದರೆ ಅದು ದೊಡ್ಡ ತಪ್ಪು. ಅರವತ್ತು ದಾಟಿದವರು ಮನುಷ್ಯರ ದನಿ ಕೇಳಲು ಹುಡುಕಿಕೊಂಡು ಹೋಗಿ ಕಳ್ಳರ ಕೈಗೆ ಸಿಗುತ್ತಿದ್ದಾರೆ.

ಒಂದು ಆ್ಯಪ್ ಹಾಕಿಕೊಳ್ಳಿ, ನಾವೇ ಮಾಡಿಕೊಡ್ತೀವಿ ಅಂತಾರೆ. ಹಾಕಿಕೊಳ್ಳಬಹುದಾ?

ಬೇಡವೇ ಬೇಡ. ಎನಿಡೆಸ್ಕ್, ಟೀಮ್‌ವ್ಯೂವರ್ ಇವು ಕಳ್ಳ ಆ್ಯಪ್‌ಗಳಲ್ಲ, ಕಂಪ್ಯೂಟರ್ ರಿಪೇರಿಯವರು ದಿನಾ ಬಳಸುತ್ತಾರೆ. ಆದರೆ ಅದರಲ್ಲಿ ಬರುವ ಕೋಡ್ ನೀವು ಹೇಳಿದ ಕೂಡಲೇ ನಿಮ್ಮ ಫೋನಿನ ಪರದೆ ಅವನ ಮುಂದೆ ಇರುತ್ತದೆ. ಬರುವ ಒಟಿಪಿ ಎಲ್ಲ ಅವನಿಗೆ ಕಾಣುತ್ತದೆ. ಎನಿಡೆಸ್ಕ್ ಹೆಸರು ಹೇಳಿಯೇ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು. ವಾಟ್ಸಾಪ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಅಂದರೂ ಅದೇ ಕಥೆ.

ಇದಕ್ಕಿಂತ ಕೆಟ್ಟದ್ದು ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್. "ರೀಫಂಡ್ ಫಾರಂ" ಅಂತಲೋ "ಕಸ್ಟಮರ್ ಸಪೋರ್ಟ್" ಅಂತಲೋ ಹೆಸರಿರುತ್ತದೆ. ಒತ್ತಿ ಹಾಕಿಕೊಂಡು ಮೆಸೇಜ್ ಓದಲು ಅನುಮತಿ ಕೊಟ್ಟರೆ, ಫೋನ್ ನಿಮ್ಮ ಜೇಬಿನಲ್ಲಿದ್ದಾಗಲೇ ಒಟಿಪಿಗಳು ಅವನಿಗೆ ಹೋಗುತ್ತಿರುತ್ತವೆ. ಹಾಕಿಬಿಟ್ಟಿದ್ದರೆ ಮೊದಲು ಡೇಟಾ, ವೈಫೈ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೆ ಮಾಡಿ ಖಾತೆ ತಡೆಹಿಡಿಸಿ. ಆಮೇಲೆ ಫೋನ್ ಪೂರ್ತಿ ರೀಸೆಟ್ ಮಾಡಿಸಿ. ನಕ್ಷತ್ರದ ಗುರುತು ಹಾಕಿ 21 ಅಥವಾ 401 ಅಂತ ಏನಾದರೂ ಒತ್ತಿಸಿದ್ದರೆ ನಿಮ್ಮ ಕರೆಗಳು ಅವನಿಗೆ ತಿರುಗಿರಬಹುದು. ##002# ಒತ್ತಿ ಕರೆ ಮಾಡಿದರೆ ಅದು ರದ್ದಾಗುತ್ತದೆ.

ಇನ್‌ಕಮ್ ಟ್ಯಾಕ್ಸ್ ರೀಫಂಡ್ ಅಂತ ಲಿಂಕ್ ಬಂದಿದೆ.

ಒತ್ತಬೇಡಿ. ತೆರಿಗೆ ರೀಫಂಡ್ ನೀವು ಇಲಾಖೆಯ ಪೋರ್ಟಲ್‌ನಲ್ಲಿ ಮೊದಲೇ ದೃಢಪಡಿಸಿದ ಖಾತೆಗೆ ಮಾತ್ರ ಬರುತ್ತದೆ. ಸಂಶಯ ಇದ್ದರೆ ಪೋರ್ಟಲ್ ವಿಳಾಸ ನೀವೇ ಟೈಪ್ ಮಾಡಿ ಲಾಗಿನ್ ಆಗಿ ನೋಡಿ, ಅಥವಾ ನಿಮ್ಮ ಆಡಿಟರ್‌ನ ಕೇಳಿ.

ಹಳೇ ಇನ್ಶೂರೆನ್ಸ್ ಪಾಲಿಸಿಯ ದುಡ್ಡು ಬಂದಿದೆ, ಮೊದಲು ಜಿಎಸ್‌ಟಿ ಕಟ್ಟಿ ಅಂತಾರೆ.

ನಿವೃತ್ತರಾದವರಿಗೆ ಈ ಫೋನ್ ಜಾಸ್ತಿ. ನಿಂತುಹೋದ ಪಾಲಿಸಿಯ ಹೆಸರು, ಕಂತಿನ ಮೊತ್ತ ಎಲ್ಲ ಸರಿಯಾಗಿ ಹೇಳುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರದಿಂದ ಅಂತಲೂ ಹೇಳುವುದುಂಟು. ಆ ಪ್ರಾಧಿಕಾರ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ, ಅದನ್ನು ಅವರೇ ಎಷ್ಟೋ ಸಲ ಹೇಳಿದ್ದಾರೆ. ಮೊದಲು ಎಂಟು ಸಾವಿರ, ಆಮೇಲೆ "ಫೈಲ್ ಚಾರ್ಜ್", ಆಮೇಲೆ ಇನ್ನೇನೋ. ಕಟ್ಟಿದ್ದು ಹೋಗಬಾರದಲ್ಲ ಅಂತ ಮತ್ತೆ ಕಟ್ಟುತ್ತಾ ಹೋಗುತ್ತಾರೆ. ಬರಬೇಕಾದ ದುಡ್ಡಿಗೆ ಮುಂಚಿತವಾಗಿ ದುಡ್ಡು ಕೇಳಿದರೆ ಅಲ್ಲಿಗೆ ಮಾತು ಮುಗಿಸಿ.

ಅಪ್ಪ ಅಮ್ಮ ಅಮೆರಿಕದಲ್ಲಿ ನನ್ನ ಜೊತೆ ಇದ್ದಾರೆ. ಇಲ್ಲೂ ಈ ಮೋಸ ಇದೆಯಾ?

ಇದೆ, ಅಲ್ಲಿ ಇದು ತುಂಬಾ ಹಳೇ ದಂಧೆ. ನಿಮ್ಮ ಆ್ಯಂಟಿವೈರಸ್ ನವೀಕರಣ ಆಗಿದೆ, 399 ಡಾಲರ್ ಕಟ್ ಆಗಿದೆ, ಬೇಡ ಅಂದರೆ ಈ ನಂಬರಿಗೆ ಮಾಡಿ ಅಂತ ಇಮೇಲ್ ಬರುತ್ತದೆ. ಮಾಡಿದರೆ ಕಂಪ್ಯೂಟರ್ ಒಳಗೆ ಬರುತ್ತಾರೆ. ಬ್ಯಾಂಕಿನ ಪುಟದಲ್ಲಿ ಕಾಣುವ ಅಂಕಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ತಿದ್ದಿ, 400ರ ಬದಲು 40,000 ಬಂದಂತೆ ತೋರಿಸಿ, ಅಯ್ಯೋ ಜಾಸ್ತಿ ಹೋಯ್ತು ಅಂತ ಗೋಳಾಡುತ್ತಾರೆ. ವಾಪಸ್ ಕೇಳುವುದು ಗಿಫ್ಟ್ ಕಾರ್ಡಿನಲ್ಲಿ ಅಥವಾ ಪಾರ್ಸೆಲ್‌ನಲ್ಲಿ ಕಳಿಸುವ ನೋಟಿನಲ್ಲಿ. ಇಂಥ ಕರೆಗಳಲ್ಲಿ ಎಷ್ಟೋ ನಮ್ಮ ದೇಶದಿಂದಲೇ ಹೋಗುತ್ತವೆ ಅನ್ನುವುದು ಬೇಸರದ ಸಂಗತಿ. ಅಮೆರಿಕದ ತೆರಿಗೆ ಇಲಾಖೆಯವರು ಅಂತ ಹೆದರಿಸುತ್ತಿದ್ದ ಕಾಲ್ ಸೆಂಟರ್‌ಗಳ ಮೇಲೆ 2016ರಲ್ಲಿ ಮುಂಬೈ ಪಕ್ಕದ ಮೀರಾ ರೋಡ್‌ನಲ್ಲಿ ಪೊಲೀಸರು ದಾಳಿ ಮಾಡಿದ್ದರು.

ದುಡ್ಡು ಹೋಗೇಬಿಟ್ಟಿದೆ. ಈಗ ಏನು ಮಾಡಲಿ?

ಓದುವುದು ನಿಲ್ಲಿಸಿ 1930ಕ್ಕೆ ಫೋನ್ ಮಾಡಿ. ಉಳಿದದ್ದು ಆಮೇಲೆ.

1930 ಸೈಬರ್ ವಂಚನೆಯ ಸಹಾಯವಾಣಿ, ಕರ್ನಾಟಕದಲ್ಲೂ ಇದೇ ನಂಬರ್. ಲೈನ್ ಬಿಜಿ ಇದ್ದರೆ ಬಿಡಬೇಡಿ, ಮತ್ತೆ ಮತ್ತೆ ಮಾಡಿ. ಅಷ್ಟರಲ್ಲಿ ಮನೆಯ ಇನ್ನೊಬ್ಬರು ಬ್ಯಾಂಕಿಗೆ ಮಾಡಿ ಯುಪಿಐ, ಕಾರ್ಡು, ನೆಟ್ ಬ್ಯಾಂಕಿಂಗ್ ತಡೆಹಿಡಿಸಲಿ. ಯಾವ ಖಾತೆಯಿಂದ, ಎಷ್ಟು, ಎಷ್ಟು ಗಂಟೆಗೆ ಹೋಯಿತು, ಯಾವ ನಂಬರಿನಿಂದ ಕರೆ ಬಂತು ಅಂತ ಕೇಳುತ್ತಾರೆ. ವ್ಯವಹಾರದ ವಿವರದಲ್ಲಿ ಯುಟಿಆರ್ ಅಂತ 12 ಅಂಕಿಯ ಸಂಖ್ಯೆ ಇರುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಕಾಲ್ ಲಾಗ್, ಮೆಸೇಜ್, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳಿಗೆ ಅಂತಲೇ ಸೆನ್ ಪೊಲೀಸ್ ಠಾಣೆಗಳಿವೆ, ಅಲ್ಲಿಗೂ ಹೋಗಿ.

ಇಷ್ಟು ಅವಸರ ಯಾಕೆ ಅಂದರೆ, ಕದ್ದ ದುಡ್ಡು ಒಂದೇ ಖಾತೆಯಲ್ಲಿ ಕೂರುವುದಿಲ್ಲ. ಬಾಡಿಗೆಗೆ ಕೊಟ್ಟ ಯಾರದೋ ಖಾತೆಗೆ ಹೋಗಿ, ಅಲ್ಲಿಂದ ನಾಲ್ಕಾರು ಖಾತೆಗೆ ಹಂಚಿಹೋಗಿ, ಕೊನೆಗೆ ಎಲ್ಲೋ ಎಟಿಎಂನಲ್ಲಿ ನೋಟಾಗಿ ಹೊರಗೆ ಬರುತ್ತದೆ. ದೂರು ದಾಖಲಾದ ಕೂಡಲೇ ಆ ಬ್ಯಾಂಕುಗಳಿಗೆಲ್ಲ ಸಂದೇಶ ಹೋಗಿ, ಎಲ್ಲಿ ದುಡ್ಡು ಉಳಿದಿದೆಯೋ ಅಲ್ಲಿ ಹಿಡಿದು ನಿಲ್ಲಿಸುತ್ತಾರೆ. ನೋಟಾದ ಮೇಲೆ ಹಿಡಿಯಲು ಏನೂ ಇರುವುದಿಲ್ಲ. ಚಿಕ್ಕಮ್ಮ ಯಾರಿಗೆ ಹೇಳುವುದು, ಚಿಕ್ಕಪ್ಪ ಏನಂತಾರೋ ಅಂತ ಒಂದೂವರೆ ದಿನ ಸುಮ್ಮನಿದ್ದರು. ಮಗಳಿಗೂ ಆಣೆ ಹಾಕಿಸಿದ್ದರು. ಕೊನೆಗೆ ಉಳಿದಿದ್ದು 3,100 ರೂಪಾಯಿ. ಅದನ್ನು ಬಿಡಿಸಿಕೊಳ್ಳಲು ಕೋರ್ಟಿನ ಆದೇಶ ಬೇಕಾಯಿತು.

ಬ್ಯಾಂಕ್ ನನ್ನ ದುಡ್ಡು ಕಟ್ಟಿಕೊಡುತ್ತಾ?

ಹೇಗೆ ಹೋಯಿತು ಅನ್ನುವುದರ ಮೇಲಿದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಆಗಿದ್ದು, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನದೊಳಗೆ ನೀವು ತಿಳಿಸಿದ್ದರೆ ನಷ್ಟ ನಿಮ್ಮದಲ್ಲ. ನೀವೇ ಪಿನ್ ಹಾಕಿದ್ದರೆ, ಒಟಿಪಿ ಹೇಳಿದ್ದರೆ, ನೀವು ತಿಳಿಸುವ ತನಕ ಆದ ನಷ್ಟ ನಿಮ್ಮ ತಲೆಗೆ ಬರುತ್ತದೆ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ತಿಳಿಸಿದ ಸಮಯಕ್ಕೆ ಸಾಕ್ಷಿ ಇಟ್ಟುಕೊಳ್ಳಿ, ದೂರಿನ ನಂಬರ್ ಕೇಳಿ ಪಡೆಯಿರಿ. ತಪ್ಪು ಗ್ರಾಹಕನದು ಅಂತ ತೋರಿಸಬೇಕಾದ ಹೊಣೆ ಬ್ಯಾಂಕಿನದೇ, ನಿಮ್ಮದಲ್ಲ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಹೋದ ದುಡ್ಡು ವಾಪಸ್ ಕೊಡಿಸ್ತೀವಿ ಅಂತ ಒಬ್ಬರು ಫೋನ್ ಮಾಡಿದ್ದಾರೆ. ಸೈಬರ್ ಪೊಲೀಸ್ ಅಂತೆ.

ಅವರೂ ಅದೇ ಗುಂಪು, ಅಥವಾ ಅವರಿಂದ ನಿಮ್ಮ ನಂಬರ್ ಕೊಂಡವರು. ಒಂದು ಸಲ ಮೋಸ ಹೋದವರ ಪಟ್ಟಿಗೆ ಬೆಲೆ ಜಾಸ್ತಿ. ಚಿಕ್ಕಮ್ಮನಿಗೆ ಮೂರು ವಾರದ ಮೇಲೆ ಬಂತು ಈ ಫೋನ್. ಹೋದ ಮೊತ್ತ, ತಾರೀಕು ಎಲ್ಲ ಸರಿಯಾಗಿ ಹೇಳಿದ. 1,499 ಕಟ್ಟಿದರೆ ಪೂರ್ತಿ ದುಡ್ಡು ಬಿಡುಗಡೆ ಅಂದ. ಈ ಸಲ ಅವರು "ನಮ್ಮ ಹುಡುಗನ್ನ ಕೇಳಿ ಹೇಳ್ತೀನಿ" ಅಂತ ಇಟ್ಟುಬಿಟ್ಟರು. ಪೊಲೀಸರು ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. 1930 ಕೂಡ ಒಂದು ರೂಪಾಯಿ ಕೇಳುವುದಿಲ್ಲ.

ಮನೆಯ ದೊಡ್ಡವರಿಗೆ ಇದನ್ನೆಲ್ಲ ಹೇಗೆ ಹೇಳೋದು? ಫೋನೇ ಬೇಡ ಅನ್ನಲಾ?

ದಯವಿಟ್ಟು ಹಾಗೆ ಮಾಡಬೇಡಿ. ಬೈಯಲೂ ಬೇಡಿ. ಬೈಸಿಕೊಂಡವರು ಮುಂದಿನ ಸಲ ಹೇಳುವುದೇ ಇಲ್ಲ. ಪಕ್ಕದಲ್ಲಿ ಕೂತು ನಿಮ್ಮ ಫೋನಿಗೆ ಅವರಿಂದ ಒಂದು ರೂಪಾಯಿ ಕಳಿಸಿಸಿ. ಮೊತ್ತ ಬರೆಯುವ ಜಾಗ ಯಾವುದು, ಪಿನ್ ಕೇಳುವ ಪರದೆ ಯಾವುದು ಅಂತ ಕೈಯಿಂದ ತೋರಿಸಿ. ಆಮೇಲೆ ನೀವು ಅವರಿಗೆ ಒಂದು ರೂಪಾಯಿ ಕಳಿಸಿ, ಏನೂ ಒತ್ತದೆ ಬಂತು ನೋಡಿ ಅಂತ ತೋರಿಸಿ. ನೂರು ಸಲ ಹೇಳುವುದಕ್ಕಿಂತ ಇದು ಮನಸ್ಸಿಗೆ ಇಳಿಯುತ್ತದೆ. ಯುಪಿಐಗೆ ಬೇರೆ ಸಣ್ಣ ಖಾತೆ ಜೋಡಿಸಿ, ಅದರಲ್ಲಿ ತಿಂಗಳ ತರಕಾರಿ, ಹಾಲಿನ ದುಡ್ಡಿನಷ್ಟು ಮಾತ್ರ ಇಡಿ. ಪಿಂಚಣಿ ಖಾತೆಯನ್ನು ಯುಪಿಐನಿಂದ ತೆಗೆಸಿ.

ಕಾಲ್ ಬಂತು, ಆದರೆ ದುಡ್ಡು ಹೋಗಲಿಲ್ಲ. ದೂರು ಕೊಡಬೇಕಾ?

ಕೊಡಿ. ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಆ್ಯಪ್‌ನಲ್ಲಿ ಚಕ್ಷು ಅಂತ ಒಂದು ವಿಭಾಗ ಇದೆ. ಬಂದ ನಂಬರ್, ಸಮಯ, ಏನಂದರು ಅಂತ ಬರೆದು ಸ್ಕ್ರೀನ್‌ಶಾಟ್ ಹಾಕಿದರೆ ಆಯಿತು, ಐದು ನಿಮಿಷದ ಕೆಲಸ. ದುಡ್ಡು ಹೋಗಿದ್ದರೆ ಮಾತ್ರ ಅಲ್ಲಿ ಬೇಡ, ನೇರ 1930.